ಕಟ್ಟೆಯಿಲ್ಲದ ಬಚ್ಚಲು

ನನ್ನ ಅಕ್ಕನ ಮಗಳನ್ನು ಮನೆಯಲ್ಲಿ ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದೆವು. ಹುಟ್ಟಿದಾಗ ಕೈಕಾಲು ಅಷ್ಟು ಸಣ್ಣಗಿದ್ದವು. ಬೆಳೆದು ಮೈ ತುಂಬಿಕೊಂಡ ಮೇಲೂ ಆ ಹೆಸರು ಹೋಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವಳು ಕಡ್ಡಿ ಮುರಿದ ಹಾಗೆ ಮಾತಾಡುವುದನ್ನು ಕಲಿತಿದ್ದಳು. ಯಾರಾದರೂ ಹೊಸ ಬಟ್ಟೆ ತೊಟ್ಟು ಹೇಗಿದೆ ಎಂದು ಕೇಳಿದರೆ, ಉಳಿದವರು ಚೆನ್ನಾಗಿದೆ ಎನ್ನುವ ಮೊದಲೇ "ಈ ಬಣ್ಣದಲ್ಲಿ ನಿನಗೆ ಕಾಮಾಲೆ ಬಂದ ಹಾಗಿದೆ" ಎಂದುಬಿಡುವಳು. ಆ ಕಣ್ಣಿನಿಂದಲೇ ಅವಳಿಗೆ ಕೆಲಸವೂ ಸಿಕ್ಕಿತು. ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸುವ ಬೊಂಬೆಗಳಿಗೆ ಬಟ್ಟೆ ತೊಡಿಸಿ, ದೀಪ ಜೋಡಿಸಿ, ಬೀದಿಯಲ್ಲಿ ಹೋಗುವವರು ನಿಂತು ನೋಡುವಂತೆ ಮಾಡುವ ಕೆಲಸ. ಒಂದು ದಿನ ದೀಪ ಸರಿಮಾಡಲು ಏಣಿ ಹತ್ತಿದ್ದಳು. ಏಣಿ ಜಾರಿತು. ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಅವಳದೆನ್ನುವುದು ಏನೂ ಉಳಿಯಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಕ್ಕ ಅವಳನ್ನು ಕಡ್ಡಿ ಎನ್ನುವುದನ್ನು ಬಿಟ್ಟಳು. "ಮಗಳೇ, ಇತ್ತ ತಿರುಗು", "ಮಗಳೇ, ಔಷಧಿ ನುಂಗು" ಎನ್ನತೊಡಗಿದಳು.

"ಯಾರದೋ ಮಗಳನ್ನ ಕರೆದ ಹಾಗಿರುತ್ತೆ ಚಿಕ್ಕಮ್ಮ," ಎಂದು ಕಡ್ಡಿ ನನ್ನ ಹತ್ತಿರ ಗೊಣಗುತ್ತಿದ್ದಳು. "ಮುರಿದಿರೋದು ಬೆನ್ನು. ಹೆಸರಿಗೇನಾಗಿದೆ?"

ನನ್ನ ಕೆಲಸ ಏನೆಂದು ಕೇಳಿದವರು ಮೊದಲು ನಗುತ್ತಾರೆ. ಟೈಲ್ಸು, ನಲ್ಲಿ, ಶವರ್ ಮಾರುವ ಅಂಗಡಿಯೊಂದರಲ್ಲಿ ನಾನು ಸ್ನಾನದ ಮನೆಗಳ ನಕ್ಷೆ ಹಾಕಿಕೊಡುತ್ತೇನೆ. ನಿಂತವರ ಮೇಲೆ ನೀರು ಎಲ್ಲಿಂದ ಬೀಳಬೇಕು, ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರೆ ಸೋಪು ಎಲ್ಲಿ ಸಿಗಬೇಕು, ಬಾಗಿಲು ಒಳಗೆ ತೆರೆಯಬೇಕೋ ಹೊರಗೋ, ದಿನವಿಡೀ ನನ್ನ ತಲೆಯಲ್ಲಿ ಇವೇ. "ಮೈ ತೊಳ್ಕೊಳ್ಳೋದಕ್ಕೂ ನಕ್ಷೆ ಬೇಕಾ?" ಎಂದು ಅಕ್ಕ ಎಷ್ಟೋ ಸಲ ಹಂಗಿಸಿದ್ದಾಳೆ. ಅವಳು ಪರದೆ ಹೊಲಿಯುವ ಅಂಗಡಿಯಲ್ಲಿದ್ದಳು. ಗಂಡ ತೀರಿಕೊಂಡಾಗ ಕಡ್ಡಿ ಇನ್ನೂ ಶಾಲೆಯಲ್ಲಿದ್ದಳು. ಆಮೇಲೆ ಅವರಿಬ್ಬರೇ. ಮಗಳಿಗೆ ಹೀಗಾದ ಮೇಲೆ ಅಕ್ಕ ಅಂಗಡಿಗೆ ಹೋಗುವುದನ್ನು ನಿಲ್ಲಿಸಿ, ಒಪ್ಪಿಕೊಂಡಷ್ಟು ಬಟ್ಟೆಯನ್ನು ಮನೆಗೇ ತರಿಸಿಕೊಂಡು ಹೊಲಿಯುತ್ತಿದ್ದಳು.

ಅವಳ ಮನೆಯ ಬಚ್ಚಲಿಗೆ ಯಾರೂ ನಕ್ಷೆ ಹಾಕಿರಲಿಲ್ಲ. ಕಿರಿದಾದ ಬಾಗಿಲು. ನೀರು ಹೊರಗೆ ಹರಿಯದಿರಲೆಂದು ಬಾಗಿಲಿಗೆ ಅಡ್ಡವಾಗಿ ಕಟ್ಟಿದ ಒಂದು ಕಟ್ಟೆ. ಒಳಗೆ ಅಂಚು ಹಳದಿಯಾದ ಬಿಳಿ ಟೈಲ್ಸು, ಗೋಡೆಯಲ್ಲಿ ಬಿಸಿನೀರಿನದೊಂದು ತಣ್ಣೀರಿನದೊಂದು ನಲ್ಲಿ, ಬಕೆಟ್ಟು, ಚೊಂಬು. ಕಾಲಿದ್ದವರಿಗೆ ಆ ಕಟ್ಟೆ ಕಣ್ಣಿಗೂ ಬೀಳುವುದಿಲ್ಲ. ನಾನೂ ಅಷ್ಟು ವರ್ಷ ಅದನ್ನು ದಾಟಿದ್ದೆ, ನೋಡಿರಲಿಲ್ಲ.

ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ. ಅಕ್ಕ ಮಗಳಿಗೆ ಸ್ನಾನ ಮಾಡಿಸುವ ಹೊತ್ತಿಗೆ ಹೋಗಿದ್ದೆ. ಗಾಲಿಕುರ್ಚಿ ಕಟ್ಟೆಯ ಬಳಿ ಬಂದು ನಿಂತಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಮಗಳ ಕಂಕುಳಡಿ ಕೈ ಹಾಕಿ, ಉಸಿರು ಬಿಗಿಹಿಡಿದು ಎತ್ತಿದಳು. ತನ್ನ ಒಂದು ಕಾಲು ಕಟ್ಟೆಯ ಆಚೆ, ಇನ್ನೊಂದು ಈಚೆ. ಕಡ್ಡಿ ತಾಯಿಯ ಕುತ್ತಿಗೆಗೆ ಜೋತುಬಿದ್ದಿದ್ದಳು, ಅವಳ ಕಾಲುಗಳು ಕಟ್ಟೆಗೆ ತಾಗಿ ಹಿಂದೆ ಎಳೆದುಕೊಂಡು ಬಂದವು. ನಾನು ಹಿಡಿಯಲು ಓಡಿದೆ.

"ನೀನು ಬರಬೇಡ, ಜಾಗ ಇಲ್ಲ," ಎಂದಳು ಅಕ್ಕ ಹಲ್ಲು ಕಚ್ಚಿಕೊಂಡೇ.

ಮಗಳನ್ನು ಒಳಗಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಗೋಡೆಗೆ ಕೈಯೂರಿ ಸುಮ್ಮನೆ ನಿಂತಳು. ಅಕ್ಕನ ಸೊಂಟ ಹೋಗಿದೆ ಎಂದು ಆಗಲೇ ನನಗೆ ಗೊತ್ತಾಯಿತು. ಕಡ್ಡಿ ನನ್ನ ಕಡೆ ನೋಡಲಿಲ್ಲ. ಎದುರು ಗೋಡೆಯನ್ನೇ ನೋಡುತ್ತ, ಬೊಂಬೆಯ ಹಾಗೆ ಕೈ ಎತ್ತಿಕೊಟ್ಟಳು. ಅಕ್ಕ ಅಂಗಿ ತೆಗೆದಳು. ನಾನು ಹೊರಗೆ ಬಂದುಬಿಟ್ಟೆ.

ಆ ದಿನವೇ ಹೇಳಿದೆ. "ಅಕ್ಕಾ, ಈ ಬಚ್ಚಲನ್ನ ಒಡೆದು ಹೊಸದಾಗಿ ಮಾಡಿಸೋಣ. ಕಟ್ಟೆ ತೆಗೆದು ನೆಲ ಸಮ ಮಾಡಿ, ಬಾಗಿಲು ಅಗಲ ಮಾಡಿದರೆ ಗಾಲಿಕುರ್ಚಿ ಸೀದಾ ಒಳಗೆ ಹೋಗುತ್ತೆ. ಅವಳೇ ಕೂತು ಸ್ನಾನ ಮಾಡಬಹುದು."

ಅಕ್ಕ ಅನ್ನ ಬಸಿಯುತ್ತಿದ್ದವಳು ತಿರುಗಲಿಲ್ಲ. "ಕಟ್ಟೆ ಯಾಕೆ ತೆಗೀಬೇಕು?"

"ಕುರ್ಚಿ ಹೋಗಬೇಕಲ್ಲ."

"ಕುರ್ಚಿ ಎಷ್ಟು ದಿನ? ಅವಳು ನಡೆಯೋ ಹೊತ್ತಿಗೆ ನನ್ನ ಮನೆ ಆಸ್ಪತ್ರೆ ಥರ ಆಗಿರಬಾರದು. ಕಟ್ಟೆ ಇರಲಿ. ದಾಟೋ ಅಭ್ಯಾಸ ತಪ್ಪಬಾರದು."

"ಡಾಕ್ಟರು ಹೇಳಿದ್ದು ನೀನೂ ಕೇಳಿದ್ದೀಯ."

"ಡಾಕ್ಟರು ಅವಳ ಕಾಲು ತೊಳೀತಾರಾ? ನಾನು ತೊಳೆಯೋಳು. ಮೊನ್ನೆ ಹೆಬ್ಬೆರಳು ಅಲ್ಲಾಡ್ತು. ನನ್ನ ಕೈಯಲ್ಲೇ ಅಲ್ಲಾಡ್ತು."

ಹೆಬ್ಬೆರಳಿನ ವಿಷಯ ನಮಗೆಲ್ಲ ಬಾಯಿಪಾಠವಾಗಿತ್ತು. ಅದು ನರಗಳ ಸೆಳೆತ, ಅದಕ್ಕೂ ನಡೆಯುವುದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಕ್ಕ ತಲೆಯಾಡಿಸಿ ಕೇಳಿಸಿಕೊಂಡು, ಮನೆಗೆ ಬಂದು ಪಕ್ಕದ ಮನೆಯವರಿಗೆ ಹೆಬ್ಬೆರಳಿನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದ್ದಳು. ಅವಳ ಜೊತೆ ವಾದ ಮಾಡುವುದೆಂದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ನಾನು ಸುಮ್ಮನಾದೆ.

ಕಡ್ಡಿ ಸುಮ್ಮನಾಗಲಿಲ್ಲ. ಸಂಜೆ ನಾನು ಹೊರಡುವಾಗ ಕುರ್ಚಿಯ ಚಕ್ರ ತಿರುಗಿಸಿಕೊಂಡು ಬಾಗಿಲವರೆಗೆ ಬಂದಳು. "ಚಿಕ್ಕಮ್ಮ, ನಕ್ಷೆ ಹಾಕು. ಹಾಕೋದಕ್ಕೆ ಅಮ್ಮನ ಒಪ್ಪಿಗೆ ಬೇಕಿಲ್ಲವಲ್ಲ."

ಹಾಗೆ ಶುರುವಾಯಿತು. ಮುಂದಿನ ವಾರ ಅಕ್ಕ ಹೊಲಿದ ಬಟ್ಟೆ ಕೊಡಲು ಅಂಗಡಿಗೆ ಹೋಗಿದ್ದಾಗ ನಾನು ಟೇಪು ಹಿಡಿದು ಬಚ್ಚಲನ್ನು ಅಳೆದೆ. ಬಚ್ಚಲಿಗೆ ತಾಗಿದ್ದ ಸಾಮಾನಿನ ಗೂಡನ್ನು ಸೇರಿಸಿಕೊಂಡರೆ ಕುರ್ಚಿ ತಿರುಗಲು ಜಾಗ ಸಿಗುತ್ತಿತ್ತು. ಮೊದಲ ನಕ್ಷೆಯನ್ನು ನಮ್ಮ ಅಂಗಡಿಯಲ್ಲಿ ವಯಸ್ಸಾದವರಿಗೆ ಹಾಕಿಕೊಡುವ ಹಾಗೆಯೇ ಹಾಕಿದ್ದೆ. ಬಿಳಿ ಗೋಡೆ, ಬಿಳಿ ಹಿಡಿಕೆಗಳು, ಮಡಚುವ ಬಿಳಿ ಪೀಠ.

ಕಡ್ಡಿ ನೋಡಿದಳು. "ಇದೇನು, ಬಚ್ಚಲಾ ವಾರ್ಡಾ? ನರ್ಸ್ ಎಲ್ಲಿ ನಿಲ್ಲೋದು?"

"ಮತ್ತೆ ನಿನಗೇನು ಬೇಕು ಹೇಳು."

"ದಟ್ಟ ಹಸಿರು. ನೀರು ಬಿದ್ದರೆ ಎಲೆಯ ಥರ ಮಿನುಗಬೇಕು. ದೀಪ ಮೇಲಿಂದ ಬೇಡ, ಪಕ್ಕದಿಂದ. ಮೇಲಿಂದ ಬೆಳಕು ಬಿದ್ದರೆ ಎಲ್ಲರ ಮುಖವೂ ಹೆಣದ ಮುಖವೇ. ಇದು ಅಂಗಡಿಯಲ್ಲಿ ಮೊದಲ ವಾರ ಕಲಿಸಿದ ಪಾಠ."

ಅವಳ ಕೈಗೆ ಪೆನ್ಸಿಲ್ ಕೊಟ್ಟೆ. ಏಣಿಯಿಂದ ಬಿದ್ದ ಮೇಲೆ ಅವಳು ಅಷ್ಟು ಹೊತ್ತು ಒಂದೇ ಕೆಲಸದಲ್ಲಿ ಮುಳುಗಿದ್ದನ್ನು ನಾನು ಆಗಲೇ ಕಂಡಿದ್ದು. ಹಿಡಿಕೆಗಳು ಹಿಡಿಕೆಯ ಹಾಗೆ ಕಾಣಬಾರದು ಎಂದಳು. ಸರಿ, ಟವೆಲ್ ಹಾಕುವ ಸರಳಿನ ಹಾಗೇ ಕಾಣುವ, ಆದರೆ ಇಡೀ ಮೈಭಾರ ತಡೆಯುವ ಹಿತ್ತಾಳೆ ಬಣ್ಣದ ಸರಳುಗಳನ್ನು ಹುಡುಕಿದೆ. ಪೀಠಕ್ಕೆ ಮರದ ಪಟ್ಟಿಗಳೇ ಬೇಕೆಂದು ಹಟ ಹಿಡಿದಳು. ಅಲ್ಲಿ ಮಾತ್ರ ನಾನು ಒಪ್ಪಲಿಲ್ಲ. ಸ್ಪರ್ಶವಿಲ್ಲದ ಚರ್ಮ ಗಟ್ಟಿ ಪಟ್ಟಿಯ ಮೇಲೆ ಒತ್ತಿಕೊಂಡರೆ ಹುಣ್ಣಾಗುತ್ತದೆ, ಆಗಿದ್ದು ತಿಳಿಯುವುದೂ ಇಲ್ಲ.

"ಮೆತ್ತನೆಯದೇ ಬೇಕು. ಬಣ್ಣ ನಿನ್ನಿಷ್ಟ."

"ಅಂತೂ ನನ್ನ ಕುಂಡೆ ಗೆದ್ದಿತು," ಎಂದಳು. ಇಬ್ಬರೂ ನಕ್ಕೆವು.

ಆಮೇಲೆ ಕಾಗದದ ಅಂಚಿನಲ್ಲಿ ಏನೋ ಗೀಚುತ್ತ ಕೇಳಿದಳು. "ಬಾಗಿಲಿಗೆ ಚಿಲಕ ಇರುತ್ತಲ್ಲ?"

"ಇಂಥ ಬಚ್ಚಲಿಗೆ ಸಾಮಾನ್ಯವಾಗಿ ಹಾಕಲ್ಲ. ಬಿದ್ದರೆ ಯಾರಾದರೂ ಒಳಗೆ ಬರಬೇಕಲ್ಲ."

"ನನಗೆ ಚಿಲಕ ಬೇಕು ಚಿಕ್ಕಮ್ಮ." ಅವಳು ಪೆನ್ಸಿಲ್ ಕೆಳಗಿಟ್ಟಳು. "ನನಗೆ ಗೊತ್ತು, ನಾನು ನಡೆಯಲ್ಲ. ಆಸ್ಪತ್ರೆಯಲ್ಲೇ ಗೊತ್ತಾಯ್ತು. ಅಮ್ಮನ ಮುಂದೆ ಅತ್ತರೆ ಅವಳೂ ಅಳ್ತಾಳೆ, ಆಮೇಲೆ ನಾನೇ ಅವಳನ್ನ ಸಮಾಧಾನ ಮಾಡಬೇಕು. ಅದಕ್ಕೇ ಅಳೋದನ್ನೇ ಬಿಟ್ಟಿದ್ದೀನಿ. ರಾತ್ರಿ ಪಕ್ಕದಲ್ಲೇ ಮಲಗ್ತಾಳೆ. ಹಗಲು ಎದುರಿಗೇ ಇರ್ತಾಳೆ. ಸ್ನಾನಕ್ಕೂ ಅವಳೇ. ನಾನು ಒಬ್ಬಳೇ ಇರೋ ಜಾಗ ಅಂತ ಈ ಮನೆಯಲ್ಲಿ ಒಂದೂ ಇಲ್ಲ."

ನಾನು ನಕ್ಷೆಯಲ್ಲಿ ಚಿಲಕ ಬರೆದೆ.

ಆ ನಕ್ಷೆ ಎಷ್ಟೋ ವಾರ ನನ್ನ ಚೀಲದಲ್ಲೇ ಉಳಿಯಿತು. ಎರಡು ಸಲ ಮಾತು ತೆಗೆದು ನೋಡಿದೆ. ಅಕ್ಕ ಎರಡು ಸಲವೂ ಬೇರೆ ಮಾತಿಗೆ ಹಾರಿದಳು. ಮೂರನೆಯ ಸಲ ನಾನೇ ಹೇಳುವ ಪ್ರಮೇಯ ಬರಲಿಲ್ಲ.

ಆ ದಿನ ಅಕ್ಕ ಎಂದಿನಂತೆ ಮಗಳನ್ನು ಕುರ್ಚಿಯ ಮೇಲೆ ಕೂರಿಸಿ, ಅವಳ ಪಾದಗಳನ್ನು ನಲ್ಲಿಯಡಿಯ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು, ಎರಡೂ ನಲ್ಲಿ ತಿರುಗಿಸಿದ್ದಳು. ಕಡ್ಡಿ ತಲೆಗೆ ಶಾಂಪೂ ಹಚ್ಚಿಕೊಳ್ಳುತ್ತಿದ್ದಳು, ಕಣ್ಣು ಮುಚ್ಚಿತ್ತು. ಹೊರಗೆ ಯಾರೋ ಕರೆಗಂಟೆ ಒತ್ತಿದರು. ಪರದೆ ಬಟ್ಟೆ ತಂದವನು. ಅಕ್ಕ ಹೋಗಿ ಬಟ್ಟೆ ಇಳಿಸಿಕೊಂಡು ಎರಡು ಮಾತಾಡಿ ಬಂದಳು. ಅಷ್ಟರೊಳಗೆ ತಣ್ಣೀರು ನಿಂತುಹೋಗಿ ಬಿಸಿನೀರೊಂದೇ ಸುರಿಯುತ್ತಿತ್ತು. ಬಚ್ಚಲಿನ ತುಂಬ ಹಬೆ. ಕಡ್ಡಿ ಇನ್ನೂ ತಲೆ ತಿಕ್ಕಿಕೊಳ್ಳುತ್ತ, ಏನೋ ಗುನುಗುತ್ತಿದ್ದಳು. ಟಬ್ಬಿನೊಳಗೆ ಎರಡೂ ಪಾದಗಳು ಕೆಂಪಾಗಿ ಬೆಂದಿದ್ದವು.

ಅಕ್ಕ ಪಾದಗಳನ್ನು ಹೊರಗೆಳೆದು ಕಿರುಚಿದಳಂತೆ. "ಸುಡ್ತಾ ಇದೆಯಲ್ಲೇ, ಕರೀಬಾರದಾ ನನ್ನನ್ನ?"

"ಗೊತ್ತಾದ್ರೆ ತಾನೇ ಕರೆಯೋದು," ಎಂದಳಂತೆ ಕಡ್ಡಿ, ಕಣ್ಣಿನ ನೊರೆ ಒರೆಸಿಕೊಳ್ಳುತ್ತ.

ಡಾಕ್ಟರ ಹತ್ತಿರ ಹೋಗುವಾಗ ನಾನೂ ಬಂದು ಸೇರಿಕೊಂಡೆ. ನರ್ಸು ಬೊಬ್ಬೆಗಳನ್ನು ಕತ್ತರಿಸಿ, ಸುಲಿದ ಚರ್ಮವನ್ನು ಚಿಮುಟದಿಂದ ತೆಗೆಯುತ್ತಿದ್ದಳು. ನೋಡುವವರ ಜೀವ ಬಾಯಿಗೆ ಬರುವಂಥ ಗಾಯ. ಕಡ್ಡಿ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಚಿತ್ರ ನೋಡುತ್ತ ಕುಳಿತಿದ್ದಳು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅಕ್ಕ ಗಾಯ ನೋಡುತ್ತಿರಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದಳು. ಚಿಮುಟ ತಾಗಿದಾಗಲೆಲ್ಲ ಅವಳ ಕಣ್ಣು ಆ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. ನೋವನ್ನು ಹುಡುಕುತ್ತಿದ್ದಳು. ಮಗಳು ಒಂದು ಸಲ ಅಮ್ಮಾ ಎಂದು ನರಳಲಿ ಎಂದು ಕಾಯುತ್ತಿದ್ದಳು. ಕಟ್ಟು ಕಟ್ಟಿ ಮುಗಿಯುವವರೆಗೂ ಆ ಮಾತು ಬರಲಿಲ್ಲ.

ಮನೆಗೆ ಬಂದು ಮಗಳನ್ನು ಮಲಗಿಸಿ, ಅಕ್ಕ ಅಡುಗೆಮನೆಯಲ್ಲಿ ನನ್ನೆದುರು ಕೂತಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಏನೂ ಇಲ್ಲ ಕಣೇ ಅಲ್ಲಿ," ಎಂದಳು ಕೊನೆಗೆ. "ಏನೇನೂ ಇಲ್ಲ."

ನಾನು ಅವಳ ಕೈ ಹಿಡಿದುಕೊಂಡೆ.

"ನಕ್ಷೆ ಹಾಕಿದ್ದೀರಂತಲ್ಲ ಇಬ್ಬರೂ ಸೇರಿ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಿ. ತೋರಿಸು."

ತೋರಿಸಿದೆ. ಅವಳು ಕಾಗದವನ್ನು ಬೆಳಕಿಗೆ ಹಿಡಿದು, ಹೊಲಿಗೆಯವರು ಅಳತೆ ನೋಡುವ ಹಾಗೆ ಬೆರಳಿಟ್ಟು ನೋಡಿದಳು. ಕಟ್ಟೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ, ಹೊರಗಿನ ನೆಲ ಹಾಗೇ ಒಳಗೆ ಹೋಗಿತ್ತು. ಅಲ್ಲಿ ಅವಳ ಬೆರಳು ನಿಂತಿತು.

"ನೀರು ಹೊರಗೆ ಬರಲ್ವಾ?"

"ನೆಲಕ್ಕೆ ಒಳಗಡೆಗೆ ವಾಟ ಕೊಡ್ತೀವಿ. ಕಣ್ಣಿಗೆ ಕಾಣದಷ್ಟು ಇಳುಕಲು. ನೀರು ಹಿಂದಿನ ಗೋಡೆಯ ಜಾಲರಿಗೆ ತಾನಾಗೇ ಹರಿದುಹೋಗುತ್ತೆ."

"ಬಿಸಿನೀರು?"

"ಇಷ್ಟೇ ಬಿಸಿ ಅಂತ ನಾವೇ ಇಡಬಹುದು. ಅದರ ಮೇಲೆ ಹೋಗೋದೇ ಇಲ್ಲ. ತಣ್ಣೀರು ನಿಂತರೆ ಅದೂ ನಿಂತುಬಿಡುತ್ತೆ."

"ಅದನ್ನ ಮೊದಲೇ ಹಾಕಿಸಬೇಕಿತ್ತು," ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಕನ್ನಡಿ ಇಷ್ಟು ಕೆಳಗೆ ಯಾಕಿದೆ?"

"ಕೂತವಳಿಗೆ ಕಾಣಬೇಕಲ್ಲ ಅಕ್ಕಾ."

"ನಿಂತರೆ ಮುಖ ಕಾಣಲ್ಲ ಇದರಲ್ಲಿ."

ನಾನು ಪೆನ್ಸಿಲ್ ತೆಗೆದುಕೊಂಡು ಕನ್ನಡಿಯನ್ನು ಮೇಲಕ್ಕೆ ಬೆಳೆಸಿದೆ, ಮೊಣಕಾಲಿನಿಂದ ಹಿಡಿದು ಎತ್ತರದ ಆಳೊಬ್ಬ ನಿಂತರೂ ಕಾಣುವಷ್ಟು. ಅಕ್ಕ ನೋಡಿ, "ಹೂಂ, ಈಗ ಸರಿ," ಎಂದು ಕಾಗದ ಮಡಚಿಟ್ಟಳು.

ಕೆಲಸ ಶುರುವಾದ ದಿನ ಕಡ್ಡಿಯನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅಕ್ಕ ಬರಲಿಲ್ಲ. ಗಾರೆಯವನು ಕಟ್ಟೆಗೆ ಉಳಿ ಇಟ್ಟು ಮೊದಲ ಏಟು ಹಾಕುವಾಗ ಅವಳು ಅಲ್ಲೇ ನಿಂತಿದ್ದಳಂತೆ. "ಅಮ್ಮಾ, ಧೂಳು ಬರುತ್ತೆ, ಆಚೆ ಹೋಗಿ," ಎಂದರೂ ಕದಲಲಿಲ್ಲವಂತೆ. ಅವನೇ ಆಮೇಲೆ ನನಗೆ ಹೇಳಿದ. ಕಲ್ಲುಚೂರು ತುಂಬಿದ ಚೀಲಗಳು ಹೊರಗೆ ಹೋದ ಮೇಲೆ ಅವಳು ಪೊರಕೆ ತಂದು, ಯಾರೂ ಹೇಳದಿದ್ದರೂ, ಆ ಜಾಗವನ್ನು ಗುಡಿಸಿದಳಂತೆ.

ಮುಂದಿನ ದಿನಗಳಲ್ಲಿ ಅವಳು ಬೇರೆಯೇ ಆದಳು. ಗಾರೆಯವನಿಗೆ ಚಹಾ ಕೊಡುತ್ತ ತಲೆ ತಿನ್ನುವುದೇ ಕೆಲಸ. ಈ ಟೈಲ್ಸು ಒದ್ದೆಯಾದರೆ ಜಾರುವುದಿಲ್ಲವೇ, ಈ ಸರಳು ಕಿತ್ತುಬಂದರೆ ಯಾರು ಹೊಣೆ ಎಂದು ಕೇಳಿ, ತಾನೇ ಎರಡೂ ಕೈಯಲ್ಲಿ ಜೋತುಬಿದ್ದು ಪರೀಕ್ಷೆ ಮಾಡಿದಳು. "ಬಾವಲಿ ಥರ ನೇತಾಡ್ತಿದ್ರು ನಿಮ್ಮಕ್ಕ," ಎಂದು ಗಾರೆಯವನು ನಗುತ್ತಿದ್ದ.

ಕಡ್ಡಿಗೆ ಗಾಜಿನ ಮರೆ ಬೇಕಿತ್ತು. ಆದರೆ ಗಾಜಿಟ್ಟರೆ ಕುರ್ಚಿ ತಿರುಗುವುದಿಲ್ಲ. ಪರದೆಯೇ ಗತಿ ಎಂದಾಗ ಅವಳು ಮುಖ ಸಿಂಡರಿಸಿದಳು. "ಸ್ನಾನ ಮಾಡುವಾಗ ಒದ್ದೆ ಪರದೆ ಬಂದು ಮೈಗೆ ಅಂಟಿಕೊಳ್ಳುತ್ತೆ. ಪ್ರೇತ ಬಂದು ತಬ್ಬಿಕೊಂಡ ಹಾಗೆ."

"ಅಂಟಿಕೊಳ್ಳದ ಹಾಗೆ ನಾನು ಹೊಲಿದುಕೊಡ್ತೀನಿ," ಎಂದಳು ಅಕ್ಕ. ತುಂಬ ದಿನಗಳ ಮೇಲೆ ಅವಳ ದನಿಯಲ್ಲಿ ಹಳೆಯ ಗತ್ತು ಬಂದಿತ್ತು. ನೀರು ಹೀರದ ಬಟ್ಟೆ ತರಿಸಿ, ಕೆಳಗಿನ ಮಡಿಕೆಯೊಳಗೆ ಸಣ್ಣ ಸೀಸದ ಗುಂಡುಗಳನ್ನು ಹಾಕಿ ಹೊಲಿದಳು. ಆ ಭಾರಕ್ಕೆ ಪರದೆ ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು. ಬಣ್ಣ ಮಾತ್ರ ಮಗಳೇ ಆರಿಸಿದ್ದು, ಒಣಗಿದ ಹುಲ್ಲಿನ ಬಣ್ಣ.

ಚಿಲಕದ ವಿಷಯಕ್ಕೆ ಮಾತ್ರ ಮನೆಯಲ್ಲಿ ಜಗಳವೇ ಆಯಿತು.

"ಚಿಲಕ ಬೇಡವೇ ಬೇಡ. ಒಳಗೆ ಬಿದ್ದರೆ ನಾನು ಬಾಗಿಲು ಒಡೀಲಾ?"

"ಬೀಳಲ್ಲ ಅಮ್ಮ."

"ಏಣಿಯಿಂದಲೂ ಬೀಳಲ್ಲ ಅಂತಲೇ ಹತ್ತಿದ್ದು ನೀನು."

ಹೇಳಿದ ಮೇಲೆ ಅಕ್ಕನೇ ತುಟಿ ಕಚ್ಚಿಕೊಂಡಳು. ಕಡ್ಡಿ ಕುರ್ಚಿ ತಿರುಗಿಸಿಕೊಂಡು ಕೋಣೆಗೆ ಹೋದಳು. ನಾನು ಹೊರಗಿನಿಂದಲೂ ಕೀಲಿ ಹಾಕಿ ತೆಗೆಯಬಹುದಾದಂಥ ಚಿಲಕ ತಂದೆ. ಇಬ್ಬರಿಗೂ ತೋರಿಸಿದೆ. ಕೀಲಿ ಅಕ್ಕನ ಕೈಯಲ್ಲಿರಲಿ, ಆದರೆ ಒಳಗಿನಿಂದ ಕರೆಯದೆ ತೆಗೆಯುವ ಹಾಗಿಲ್ಲ ಎಂದು ಮಾತಾಯಿತು. ಅಕ್ಕ ಅದನ್ನು ಮಂಗಳಸೂತ್ರದಷ್ಟು ಜೋಪಾನವಾಗಿ ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಪಾದದ ಗಾಯ ಪೂರ್ತಿ ಮಾಗಿದ ಮೇಲೆ ಕಡ್ಡಿ ಮೊದಲ ಸಲ ಒಳಗೆ ಹೋದಳು. ನಾನೂ ಬಂದಿದ್ದೆ. ಪಕ್ಕದ ಗೋಡೆಯ ದೀಪ ಹಾಕಿದಾಗ ಹಸಿರು ಟೈಲ್ಸಿನ ಮೇಲೆ ಬೆಳಕು ತೆಳ್ಳಗೆ ಹರಡಿಕೊಂಡಿತು. ಹೇಳಬಾರದು, ನಾನು ಮಾಡಿದ ಬಚ್ಚಲುಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಕಡ್ಡಿ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿ, ಅಂಗಡಿಯ ಗಾಜಿನಾಚೆ ನಿಂತು ತನ್ನ ಕೆಲಸವನ್ನು ತೂಗಿ ನೋಡುತ್ತಿದ್ದ ಹಾಗೆ ತಲೆ ವಾಲಿಸಿ ನೋಡಿದಳು.

"ಪರವಾಗಿಲ್ಲ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಕುರ್ಚಿ ಸದ್ದಿಲ್ಲದೆ ಒಳಗೆ ಜಾರಿತು. ಅಕ್ಕ ಹಿಂದೆಯೇ ಎರಡು ಹೆಜ್ಜೆ ಇಟ್ಟಳು.

"ಅಮ್ಮ, ನೀನು ಹೊರಗಿರು."

"ಪೀಠಕ್ಕೆ ದಾಟಿಕೊಳ್ಳೋವರೆಗೆ ಇರ್ತೀನಿ."

"ದಾಟೋದನ್ನ ಮಂಚದಿಂದ ಕುರ್ಚಿಗೆ ದಿನಾ ಮಾಡ್ತೀನಿ. ಹೊರಗಿರು ಅಮ್ಮ."

ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು. ಅಕ್ಕ ಬಾಗಿಲಿಗೆ ತೀರ ಹತ್ತಿರ ನಿಂತು, ಒಳಗಿನ ಒಂದೊಂದು ಸದ್ದಿಗೂ ನನ್ನ ಮುಖ ನೋಡಿದಳು. ಕುರ್ಚಿಯ ಬ್ರೇಕು ಹಾಕಿದ ಸದ್ದು. ಸರಳು ಹಿಡಿದು ಮೈ ಎತ್ತುವಾಗಿನ ಒಂದು ಉಸಿರು. ಪೀಠ ಕಿರುಗುಟ್ಟಿತು. ಆಮೇಲೆ ಪರದೆಯ ಬಳೆಗಳು ಸರಿದವು. ನೀರು ಬಂತು.

"ಕೂತಳು," ಎಂದೆ ಮೆಲ್ಲಗೆ.

ಅಕ್ಕ ನಿಟ್ಟುಸಿರುಬಿಟ್ಟು ಗೋಡೆಗೊರಗಿದಳು. ಚಹಾ ಮಾಡೋಣ ಬಾ ಎಂದು ಕರೆದೆ, ಬರಲಿಲ್ಲ. ನೀರು ಸುರಿಯುತ್ತಲೇ ಇತ್ತು. ಬಹಳ ಹೊತ್ತು ಅದೊಂದೇ ಸದ್ದು. ಆಮೇಲೆ ನೀರಿನ ಸದ್ದಿನೊಳಗಿಂದ ಇನ್ನೊಂದು ಸದ್ದು ಎದ್ದಿತು. ಮೊದಲು ಕೆಮ್ಮು ಎಂದುಕೊಂಡೆ. ಅಲ್ಲ. ಕಡ್ಡಿ ಅಳುತ್ತಿದ್ದಳು. ಬಾಯಿ ಬಿಟ್ಟು, ಚಿಕ್ಕ ಮಕ್ಕಳು ಅಳುವ ಹಾಗೆ, ಉಸಿರು ಸಿಕ್ಕಿದಷ್ಟೂ ಅಳುತ್ತಿದ್ದಳು. ಏಣಿಯಿಂದ ಬಿದ್ದ ದಿನದಿಂದ ತಡೆಹಿಡಿದದ್ದೆಲ್ಲ ಒಮ್ಮೆಗೇ ಕಟ್ಟೆಯೊಡೆದು ಬಂದಿತ್ತು. ನೀರಿನ ಸದ್ದಿಗೆ ಹೊರಗೆ ಕೇಳುವುದಿಲ್ಲ ಎಂದುಕೊಂಡಿದ್ದಳು. ಬಾಗಿಲ ಕೆಳಗೆ ಗಾಳಿಯಾಡಲೆಂದು ನಾನೇ ಸಂದು ಬಿಡಿಸಿದ್ದೆ. ಎಲ್ಲವೂ ಕೇಳುತ್ತಿತ್ತು.

ಅಕ್ಕನ ಕೈ ಕೊರಳಿನ ಕೀಲಿಗೆ ಹೋಯಿತು. ನಾನು ಆ ಕೈಯನ್ನು ಹಿಡಿದೆ.

"ಬಿಡು," ಎಂದಳು.

"ಕರೆದಿಲ್ಲ ಅಕ್ಕಾ ಅವಳು."

"ಬಿಡು ಅಂದೆ."

ಒಳಗೆ ಅಳು ಇನ್ನೂ ಜೋರಾಯಿತು. ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಬೆರಳುಗಳು ಸಡಿಲವಾದವು. ಕೀಲಿಯನ್ನು ಕುಪ್ಪಸದೊಳಗೆ ಇಳಿಬಿಟ್ಟು, ಸದ್ದಾಗದ ಹಾಗೆ ಹೆಜ್ಜೆಯಿಟ್ಟು ನಡುಮನೆಗೆ ಹೋದಳು. ಹೊಲಿಗೆ ಯಂತ್ರದ ಮುಂದೆ ಕೂತು, ಕೈಗೆ ಸಿಕ್ಕ ಬಟ್ಟೆಯ ತುಂಡೊಂದನ್ನು ಸೂಜಿಯಡಿಗೆ ತಳ್ಳಿ ಯಂತ್ರ ಓಡಿಸತೊಡಗಿದಳು. ಸೂಜಿಯಲ್ಲಿ ದಾರ ಇರಲಿಲ್ಲ. ಕೈಯಿಂದ ತಿರುಗಿಸುವ ಹಳೆಯ ಯಂತ್ರ, ಮನೆಯೆಲ್ಲ ತುಂಬುವ ಗದ್ದಲ. ಅಮ್ಮ ಕೆಲಸದಲ್ಲಿದ್ದಾಳೆ, ಅವಳಿಗೇನೂ ಕೇಳಿಸುತ್ತಿಲ್ಲ ಎಂದು ಮಗಳಿಗೆ ಅನ್ನಿಸಲಿ ಎಂದು ಅವಳು ಆ ತುಂಡಿನ ಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ ದಾರವಿಲ್ಲದೆ ಹೊಲಿಯುತ್ತಲೇ ಇದ್ದಳು. ಕಣ್ಣೀರು ಗಲ್ಲದಿಂದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ತೆಗೆದರೆ ಯಂತ್ರ ನಿಲ್ಲುತ್ತದಲ್ಲ.

ಕಡ್ಡಿ ಹೊರಗೆ ಬಂದಾಗ ಕೂದಲಿಗೆ ಟವೆಲ್ ಸುತ್ತಿತ್ತು. ಕಣ್ಣು ಕೆಂಪಾಗಿತ್ತು. "ಶಾಂಪೂ ಹೋಯ್ತು ಕಣ್ಣಿಗೆ," ಎಂದಳು ಯಾರೂ ಕೇಳದಿದ್ದರೂ.

"ನನಗೂ ಏನೋ ಹೋಯ್ತು, ಬಟ್ಟೆಯ ಧೂಳು," ಎಂದಳು ಅಕ್ಕ.

ಅಂದಿನಿಂದ ಕಡ್ಡಿ ತನ್ನ ಸ್ನಾನ ತಾನೇ ಮಾಡಿಕೊಳ್ಳತೊಡಗಿದಳು. ಮೊದಲೆಲ್ಲ ಅಳು ದಿನವೂ ಇರುತ್ತಿತ್ತು, ಯಂತ್ರವೂ ದಿನವೂ ಓಡುತ್ತಿತ್ತು. ಆಮೇಲಾಮೇಲೆ ವಾರಕ್ಕೊಮ್ಮೆ ಆಯಿತು, ಎಂದೋ ಒಮ್ಮೆ ಆಯಿತು. ಅವಳ ಅಂಗಡಿಯವರು ಮನೆಯಲ್ಲೇ ಕೂತು ಗಾಜಿನ ಕಿಟಕಿಗಳ ಚಿತ್ರ ಬರೆದುಕೊಡು ಎಂದು ಕೇಳಿದರು. ಬರೆದು ಕಳಿಸುತ್ತಿದ್ದಳು. ಇನ್ನೊಬ್ಬರು ಏಣಿ ಹತ್ತಿ ಅದನ್ನು ಮಾಡುತ್ತಿದ್ದರು. ಮಾಡಿದ ಮೇಲೆ ಫೋಟೋ ಕಳಿಸಿದರೆ ಅವಳು ನೋಡಿ ಬದಿಗಿಡುವಳು. ದೀಪ ಸರಿಯಿಲ್ಲ ಎನ್ನುವಳು. ಯಾವತ್ತೂ ಸರಿಯಿರುತ್ತಿರಲಿಲ್ಲ.

ಅಕ್ಕನೂ ಪರದೆ ಅಂಗಡಿಗೆ ಮತ್ತೆ ಹೋಗತೊಡಗಿದಳು. ಆದರೆ ಬೆಳಿಗ್ಗೆ ಎದ್ದು ಏನು ಮಾಡುವುದೆಂದು ಅವಳಿಗೆ ತೋಚುತ್ತಿರಲಿಲ್ಲ. ಮಗಳಿಗೆ ಸ್ನಾನ ಮಾಡಿಸುವ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ನಿಲ್ಲುವಳು, ಆಮೇಲೆ ಬಿಚ್ಚಿಕೊಳ್ಳುವಳು. ಸೊಂಟ ನೋವು ಕಡಿಮೆಯಾಗಿದೆಯೇ ಎಂದು ಕೇಳಿದರೆ, "ಹೂಂ, ಕೆಲಸ ಇಲ್ಲವಲ್ಲ," ಎನ್ನುವಳು, ದೂರುವ ಹಾಗೆ. ಹೆಬ್ಬೆರಳಿನ ಮಾತು ಎತ್ತುತ್ತಿರಲಿಲ್ಲ. ಕಾಲು ಈಗ ಅವಳ ಕೈಗೆ ಸಿಗುತ್ತಲೂ ಇರಲಿಲ್ಲ.

ಒಂದು ದಿನ ನಾನು ಹೋದಾಗ ಅಕ್ಕ ಆ ಬಚ್ಚಲಿನೊಳಗೆ ಒಬ್ಬಳೇ ನಿಂತಿದ್ದಳು. ನೆಲ ಇನ್ನೂ ಒದ್ದೆಯಾಗಿತ್ತು. ಅವಳ ಕೈಯಲ್ಲಿ ಉದ್ದ ಹಿಡಿಯ ಒಂದು ಬ್ರಷ್ಷು.

"ಇದೇನಿದು?" ಎಂದು ನನ್ನನ್ನೇ ಕೇಳಿದಳು.

"ಬೆನ್ನು ತಿಕ್ಕೋದು. ನಮ್ಮ ಅಂಗಡಿಗೆ ಹೊಸದಾಗಿ ಬಂದಿದ್ದು. ಬೆನ್ನಿಗೆ ಕೈ ಎಟುಕಲ್ಲ ಅಂತಿದ್ದಳು, ಹೋದ ತಿಂಗಳು ತಂದುಕೊಟ್ಟೆ."

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಅದರ ಎಳೆಗಳನ್ನು ಸವರಿ, ಒರಟಾಗಿದೆಯೇ ಎಂದು ಪರೀಕ್ಷಿಸಿದಳು.

"ಹದಿನೈದು ದಿನಕ್ಕೊಮ್ಮೆ ಕರೀತಿದ್ದಳು ಕಣೇ," ಎಂದಳು. "ಅಮ್ಮ, ಬೆನ್ನು ತಿಕ್ಕು ಬಾ ಅಂತ. ಈಗ ಯಾಕೆ ಕರೀತಿಲ್ಲ ಅಂತ ಯೋಚಿಸ್ತಿದ್ದೆ."

ನಾನು ಪರದೆಯನ್ನು ಬದಿಗೆ ಸರಿಸಿದೆ.

"ಅಷ್ಟೆಲ್ಲ ಮಾಡಿದೆ ನೀನು," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬೆನ್ನಾದ್ರೂ ನನಗೆ ಬಿಡಬಹುದಿತ್ತು."

ಹಾಗೆಂದು ಅವಳು ಮಡಚಿದ ಪೀಠವನ್ನು ಇಳಿಸಿ, ಅದರ ಮೇಲೆ ಕೂತು, ಗೋಡೆಯ ಕೊಕ್ಕೆಯ ಕಡೆ ಕೈ ಚಾಚಿ ನೋಡಿದಳು. ಕೈಗೆ ಎಟುಕಿತು. ಬ್ರಷ್ಷನ್ನು ಆ ಕೊಕ್ಕೆಗೆ ತೂಗುಹಾಕಿ, ಗಟ್ಟಿಯಾಗಿ ಕೂತಿದೆಯೇ ಎಂದು ಎಳೆದು ನೋಡಿ, ಎದ್ದು ಕೆಲಸಕ್ಕೆ ಹೊರಟಳು.